ಉಲ್ಟಾ ಸುತ್ತಿದ ಎಳೆ

ಕಬ್ಬಿನ ಹಂಗಾಮು ಬಿರುಸಿನಲ್ಲಿತ್ತು. ಬೆಳಗಿನ ಥಂಡಿ ಇನ್ನೂ ಇಳಿದಿರಲಿಲ್ಲ. ಆಗಲೇ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಗಟ್ಟಿದ್ದವು. ಅವುಗಳ ಹಾಡಿನ ಅಬ್ಬರಕ್ಕೆ ರಸ್ತೆ ಬದಿಯ ಹೀರಾಬಾಯಿ ಮಂಗಲ ಕಾರ್ಯಾಲಯದ ಕಿಟಕಿ ಗಾಜುಗಳು ಸಣ್ಣಗೆ ನಡುಗುತ್ತಿದ್ದವು. ಹಿಂದಿನ ಅಂಗಳದಲ್ಲಿ ಹೆಂಗಸರು ಬೋಗೋಣಿಗಳಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದರು. ನಾಳೆ ಇಲ್ಲಿ ಮತ್ತೊಂದು ಮದುವೆ.

ಒಳಗೆ, ಹೆಂಗಸರ ಶೌಚಾಲಯದ ನೆಲದ ಮೇಲೆ ಎಎಸ್‌ಐ ಶಂಕ್ರೆವ್ವ ಕುಕ್ಕರಗಾಲಲ್ಲಿ ಕೂತು ಗೋಡೆಯ ತೂತಿನೊಳಗೆ ತಲೆಪಿನ್ನು ಆಡಿಸುತ್ತಿದ್ದಳು.

ಗುರುವಾರದ ಮದುವೆಯಲ್ಲಿ ಇದೇ ಕೋಣೆಯ ನಡುವಿನ ಹಲಗೆ ಬಾಗಿಲ ಸಮೇತ ಕಳಚಿ ಬಿದ್ದು, ಮದುಮಗಳ ಗೆಳತಿ, ತೇರದಾಳದ ಭಕ್ತಿ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಹಲಗೆ ಕೂರಿಸಿದ ರಬಕವಿಯ ದುಂಡೇಶ ನಿನ್ನೆ ಸಂಜೆ ತಾನಾಗಿಯೇ ಠಾಣೆಗೆ ಬಂದು ತಪ್ಪು ತನ್ನದೇ ಎಂದಿದ್ದ.

ಪಿನ್ನಿನ ತುದಿಗೆ ಏನೋ ಸಿಕ್ಕಿತು. ಮೆಲ್ಲಗೆ ಎಳೆದಳು. ಕೆಂಪು ನೂಲಿನ ಒಂದು ಚೂರು.

“ಸಿದ್ದಾರೂಢ, ಆ ಗಂಟು ಇಲ್ಲಿ ಕೊಡೋ.”

ಬಾಗಿಲಲ್ಲಿ ನಿಂತಿದ್ದ ಪೇದೆ ಸಿದ್ದಾರೂಢ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಬಂದ. ಗುರುವಾರ ಪಂಚನಾಮೆಯ ಹೊತ್ತಿಗೆ ಮುರಿದ ಪಟ್ಟಿ, ಸ್ಕ್ರೂಗಳನ್ನೆಲ್ಲ ಕೂಡಿಸಿ ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು ಅದು. ಮೇಲೆ ಅರಗಿನ ಮುದ್ರೆ ಇನ್ನೂ ಬಿದ್ದಿರಲಿಲ್ಲ.

“ಮೂಗ ಯಾಕ ಮುಚ್ಚಿ? ಆಸಿಡ್ ಹಾಕಿ ತೊಳದಾರ, ಮಲ್ಲಿಗಿಗಿಂತ ಛಲೋ ಐತಿ.”

“ಹೆಂಗಸರ ಸಂಡಾಸದಾಗ ನಿಂತೇನಿ ಅಂತ ಯಾರರೆ ಊರಾಗ ಹೇಳಿದ್ರ ನನ್ನ ಮದವಿ ಆಗೂದಿಲ್ರಿ.”

“ಹಂಗಾರೂ ಆಗೂದಿಲ್ಲ ತಗೋ.”

ಗಂಟಿಗೆ ಸುತ್ತಿದ ಬಿಳಿ ಹುರಿಯನ್ನು ಅವಳು ಬಿಚ್ಚಲಿಲ್ಲ, ಪಕ್ಕಕ್ಕೆ ಸರಿಸಿದಳು. ಹುರಿಯ ನಡುವೆ ಕಾಳಿನಷ್ಟು ಗಂಟೊಂದು ಬೆರಳಿಗೆ ತಾಗಿತು. ಅರಿವೆಯ ಬಾಯಿ ಅಗಲಿಸಿ ನಾಲ್ಕಾರು ಸ್ಕ್ರೂಗಳನ್ನು ಅಂಗೈಗೆ ಸುರಿದುಕೊಂಡಳು.

ಇಂಥ ಹಲಗೆಗಳು ನೋಡಲಿಕ್ಕೆ ಗೋಡೆಯಂತಿದ್ದರೂ ಗೋಡೆಯಲ್ಲ. ನೆಲ ಮುಟ್ಟದೆ ಗೇಣುದ್ದದ ಸ್ಟೀಲ್ ಕಾಲುಗಳ ಮೇಲೆ ನಿಂತಿರುತ್ತವೆ. ಮೇಲೆ ಒಂದು ಪೈಪು, ಹಿಂದೆ ಗೋಡೆಗೆ ಹಿಡಿಸಿದ ಮೂಲೆಪಟ್ಟಿ. ಆ ಪಟ್ಟಿ ಬಿಟ್ಟಿತೆಂದರೆ ಬಾಗಿಲು ಒಮ್ಮೆ ಜೋರಾಗಿ ಬಡಿದರೂ ಸಾಕು, ಆಳೆತ್ತರದ ಹಲಗೆ ತನ್ನ ಭಾರಕ್ಕೆ ತಾನೇ ವಾಲುತ್ತದೆ.

ಭಕ್ತಿ ಬಾಗಿಲು ಹಾಕಿಕೊಂಡಿದ್ದಳು. ಅಷ್ಟೇ ಅವಳು ಮಾಡಿದ್ದು.

ಶಂಕ್ರೆವ್ವ ಎದ್ದು, ಬೀಳದೆ ನಿಂತಿದ್ದ ಪಕ್ಕದ ಹಲಗೆಯ ಪಟ್ಟಿಯಿಂದ ಒಂದು ಸ್ಕ್ರೂ ತಿರುವಿ ತೆಗೆದಳು. ಬೆವರು ಬಂತು; ಅಷ್ಟು ಬಿಗಿ. ಹೊರಬಂದದ್ದು ಉದ್ದನೆಯ ಸ್ಕ್ರೂ. ಮೈಮೇಲೆ ಕೆಂಪು ನೂಲು ಹಲ್ಲುಹಲ್ಲಿನ ಸಂದಿಗೂ ಕೂತು, ಸ್ಕ್ರೂ ಜೊತೆಗೇ ಹುಟ್ಟಿದ ಹಾಗಿತ್ತು.

ಅಂಗೈಯಲ್ಲಿದ್ದವು ಬೇರೆ. ಅರ್ಧ ಬೆರಳು ಗಿಡ್ಡ. ಅವಕ್ಕೂ ನೂಲಿತ್ತು, ಆದರೆ ಬಿಳಿ ನೂಲು. ಮೈಮೇಲೆ ಇರಲಿಲ್ಲ, ತಲೆಯ ಬುಡಕ್ಕೆ ಬಂದು ಜೇಡನ ಬಲೆಯ ಹಾಗೆ ಮುದ್ದೆಯಾಗಿತ್ತು.

ಮೊಬೈಲ್ ಕವರಿನ ಮಡಿಕೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ. ಅದನ್ನು ಹತ್ತಿರ ತಂದಳು. ಗಿಡ್ಡ ಸ್ಕ್ರೂ ಟಕ್ಕೆಂದು ಅಂಟಿತು. ಉದ್ದದ್ದು ಅಲ್ಲಾಡಲಿಲ್ಲ.

“ಉದ್ದಂದು ಸ್ಟೀಲು, ಗಿಡ್ಡಂದು ಹೊಳಪು ಬಳದ ಕಬ್ಬಿಣ,” ಎಂದ ಸಿದ್ದಾರೂಢ. “ದುಂಡೇಶ ಕೈ ಆಡಿಸ್ಯಾನ ನೋಡ್ರಿ. ಒಂದಕ್ಕ ಛಲೋದು, ಒಂದಕ್ಕ ಹಲ್ಕಾ.”

“ಹಂಗಾರ ಗೋಡಿ ತೂತಿನ್ಯಾಗ ಕೆಂಪ ನೂಲು ಯಾಕ ಐತಿ?”

ಸಿದ್ದಾರೂಢ ಬಗ್ಗಿ ತೂತಿನೊಳಗೆ ಇಣುಕಿದ.

“ಮೊದಲ ಇಲ್ಲೂ ಉದ್ದಂದಽ ಇತ್ತು, ಕೆಂಪ ನೂಲು ಸುತ್ತಿದ್ದು. ಅದನ್ನ ಯಾರೋ ತಗದಾರ. ಆಮ್ಯಾಲ ಇದನ್ನ ಹಾಕ್ಯಾರ.”

“ಹಾಕಿದಂವಾ ದುಂಡೇಶನಽ ಅಲ್ರಿ? ಸ್ಕ್ರೂಕ್ಕ ನೂಲು ಸುತ್ತೂದು ಅವಂದಽ ರೂಢಿ. ಮಗ್ಗ ರಿಪೇರಿ ಮಾಡತಿದ್ದಂವಾ.”

ಅದು ನಿಜ. ಬನಹಟ್ಟಿಯ ಪವರ್‌ಲೂಮುಗಳಲ್ಲಿ ಸಡಿಲಾದ ಸ್ಕ್ರೂಗೆ ನೂಲು ಸುತ್ತಿ ಕೂರಿಸುವುದು ಹಳೆಯ ಪದ್ಧತಿ. ಮಗ್ಗದ ನಡುಕಕ್ಕೂ ಅದು ಕದಲುವುದಿಲ್ಲ. ದುಂಡೇಶ ಮಗ್ಗ ಬಿಟ್ಟು ಈ ಹಲಗೆಯ ಕೆಲಸಕ್ಕೆ ಬಂದಮೇಲೂ ಆ ರೂಢಿ ಬಿಟ್ಟಿರಲಿಲ್ಲ. ಆದರೆ ಸ್ಕ್ರೂ ತಿರುಗುವ ದಿಕ್ಕಿಗೇ ನೂಲು ಸುತ್ತಬೇಕು. ಆಗ ಒಳಗೆ ಹೋದಂತೆಲ್ಲ ಬಿಗಿಯುತ್ತದೆ. ಉಲ್ಟಾ ಸುತ್ತಿದರೆ ತಿರುಗಿದಂತೆಲ್ಲ ಬಿಚ್ಚಿ, ತಲೆಯ ಬುಡಕ್ಕೆ ಬಂದು ಕೂಡುತ್ತದೆ. ಹೊರಗಿನಿಂದ ನೋಡಿದವರಿಗೆ ಬಿಗಿಯಾಗಿದೆ ಅನ್ನಿಸುತ್ತದೆ, ಒಳಗೆ ಏನೂ ಹಿಡಿದಿರುವುದಿಲ್ಲ.

ಈ ಗಿಡ್ಡ ಸ್ಕ್ರೂಗಳನ್ನು ಹಾಕಿದವರು ದುಂಡೇಶನ ಕೆಲಸ ಕಣ್ಣಿಂದ ನೋಡಿದ್ದರು. ಕೈಗೆ ಮಾತ್ರ ಬೇರೆ ರೂಢಿಯಿತ್ತು.

ಅದು ಯಾವ ರೂಢಿ ಎಂದು ರಬಕವಿಯ ಮಗ್ಗದ ಮನೆಯಲ್ಲಿ ಹುಟ್ಟಿದ ಶಂಕ್ರೆವ್ವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದೇ ಅವಳು ಸ್ಕ್ರೂಗಳನ್ನು ಬೇಗಬೇಗ ಅರಿವೆಯೊಳಗೆ ಹಾಕಿದಳು, ಸಿದ್ದಾರೂಢ ನೋಡಿಬಿಟ್ಟಾನು ಎನ್ನುವ ಹಾಗೆ.

ಫೋನು ಬಡಿಯಿತು. ಇನ್ಸ್‌ಪೆಕ್ಟರ್ ವೀರೇಶ.

“ಶಂಕ್ರೆವ್ವಾರ, ಅಂವ ಒಪ್ಪಕೊಂಡಾನ. ಇನ್ನೂ ಅಲ್ಲೇನ ಹುಡಕಾಕತ್ತೀರಿ?”

“ಒಂದ ಸಣ್ಣ ಅನುಮಾನ ಐತ್ರಿ ಸರ.”

“ಅವತ್ತ ನಾನಽ ಮದವ್ಯಾಗ ಇದ್ನಿ. ಊಟದ ಎಲಿ ಬಿಟ್ಟ ಎದ್ದ ಬಂದೇನಿ. ಎಲ್ಲಾ ಕಣ್ಣಾರೆ ನೋಡೇನಿ. ಸಂಜಿಯೊಳಗ ಅವನ್ನ ಕೋರ್ಟಿಗೆ ಹಾಜರ ಮಾಡಬೇಕು. ಆ ಹುಡಿಗಿ ಉಳೀತಾಳೋ ಇಲ್ಲೋ ಅಂತ ಡಾಕ್ಟರ ಹೇಳವಲ್ರು. ಹೋದ್ಲು ಅಂದ್ರ ಕೇಸಿನ ಬಣ್ಣಾನಽ ಬ್ಯಾರೆ ಆಗತೈತಿ. ಬರ್ರಿ ಲಗೂನ.”

ಫೋನು ಕಟ್ಟಾಯಿತು.

ಬೆಳಿಗ್ಗೆ ಲಾಕಪ್ಪಿನ ಸರಳಿನ ಆಚೆ ದುಂಡೇಶ ತಲೆ ಎತ್ತಿರಲಿಲ್ಲ. “ಚಿಗವ್ವಾ, ನಾನಽ ಬಿಗಿ ಮಾಡಿರಲಿಲ್ಲ. ಬರಕೊಂಡು ಬಿಡು,” ಎಂದಷ್ಟೇ ಹೇಳಿದ್ದ. ತನ್ನ ಕೆಲಸದ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಮೈಮೇಲೆ ಬೀಳುವ ಹುಡುಗ ಅವನು. ಬೀಳಗಿಯಲ್ಲಿ ಇಂಥದೇ ಕೆಲಸ ಹಿಡಿದು ವಾರವಿಡೀ ಅಲ್ಲೇ ಇದ್ದ.

ಅವನು ‘ಚಿಗವ್ವಾ’ ಎಂದು ಚಿಕ್ಕಮ್ಮನಂತೆ ಕರೆಯುವುದಕ್ಕೆ ಕಾರಣವಿತ್ತು. ಶಂಕ್ರೆವ್ವನ ಗಂಡ ತೀರಿಕೊಂಡಾಗ ಮಗಳು ರಾಜಶ್ರೀ ಇನ್ನೂ ಮೊಲೆ ಕುಡಿಯುವ ಕೂಸು. ಪೊಲೀಸು ಟ್ರೇನಿಂಗಿಗೆ ಕರೆ ಬಂತು. ಕೂಸನ್ನು ಕಟ್ಟಿಕೊಂಡು ಹೋಗುವಂತಿರಲಿಲ್ಲ. ಬಾಜೂಮನೆಯ ತಾಯವ್ವ ಆಗಷ್ಟೇ ದುಂಡೇಶನನ್ನು ಹಡೆದಿದ್ದಳು. ಒಂದು ತೊಡೆಯ ಮೇಲೆ ಅವನು, ಇನ್ನೊಂದು ತೊಡೆಯ ಮೇಲೆ ರಾಜಶ್ರೀ. ಟ್ರೇನಿಂಗು ಮುಗಿಯುವತನಕ ತಾಯವ್ವ ಇಬ್ಬರಿಗೂ ಹಾಲು ಕುಡಿಸಿದಳು. ಅದರ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ.

ಈ ಖಾಕಿಯ ಅಡಿಯಲ್ಲಿ ಇರುವುದೆಲ್ಲ ಆ ಹಾಲಿನ ಮೇಲೆ ನಿಂತದ್ದು.

*

ಮನೋಜ ಆಫೀಸು ಕೋಣೆಯಲ್ಲಿ ಇಬ್ಬರು ಡೆಕೊರೇಶನ್ ಹುಡುಗರಿಗೆ ಹೂವಿನ ಬಣ್ಣ ವಿವರಿಸುತ್ತಿದ್ದ. ಕಾರ್ಯಾಲಯದ ಮಾಲೀಕ ಧರಣೇಂದ್ರರ ಮಗ; ಅಜ್ಜಿಯ ಹೆಸರಿನ ಈ ಕಟ್ಟಡವನ್ನು ಕಟ್ಟಿಸಿದ್ದೂ ನಡೆಸುತ್ತಿದ್ದುದೂ ಅವನೇ. ಖಾಕಿ ಕಂಡು ಹುಡುಗರನ್ನು ಹೊರಗೆ ಕಳಿಸಿದ.

“ಬರ್ರಿ ಮೇಡಂ. ಚಾ ತರಸ್ಲಿ?”

“ಬ್ಯಾಡ. ನಾಳೆ ಮದವಿ ಐತೇನು?”

“ಹಿಂದಿನ ಬುಕಿಂಗ್ ಐತ್ರಿ. ಹೆಂಗಸರಿಗೆ ಈ ಕಡೆ ಬೀಗಾ ಹಾಕಿ, ಮ್ಯಾಲಿನ ರೂಮಿನ್ವು ತಗದ ಕೊಡತೇವಿ.”

“ಗುರುವಾರನೂ ಹಂಗಽ ಮಾಡಬೇಕಿತ್ತು.”

ಅವನ ಮುಖ ಬಿಗಿಯಾಯಿತು. “ಗುರುವಾರ ನಮಗೇನ ಗೊತ್ತಿತ್ರಿ? ಕೆಲಸ ಮಾಡಿದಂವಾನಽ ತಪ್ಪ ಒಪ್ಪಿದಮ್ಯಾಲ ನನ್ನ ಕೇಳಿದ್ರ ಹ್ಯಾಂಗ?”

“ಹಲಗಿ ಬಿದ್ದ ಸಂದಿನ್ಯಾಗಿನ ಕಮೋಡು ಹೊಸಾದು. ಸುತ್ತ ಬಿಳಿ ಸಿಮೆಂಟು ಇನ್ನೂ ಹಸೀ ವಾಸನಿ ಹೊಡೀತೈತಿ. ಕಮೋಡು ಬದಲ ಮಾಡಬೇಕಂದ್ರ ಹಲಗಿ ತಗೀಬೇಕು. ಯಾರ ತಗದ್ರು?”

ಮನೋಜ ಮೇಜಿನ ಮೇಲಿನ ಹೂವಿನ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಜೋಡಿಸಿ ಮುಗಿದ ಮೇಲೂ ಅಂಚು ಸರಿಮಾಡುತ್ತಲೇ ಇದ್ದ.

“ಪ್ಲಂಬರ್ ತಗದ್ರಿ. ಸೋಮವಾರ. ಕಮೋಡು ಸೀಳಿತ್ತು, ಮದವಿ ಎದರಿಗೆ ಬಂದಿತ್ತು.”

“ಉದ್ದನ್ನ ಸ್ಕ್ರೂ ಎಲ್ಲಿ ಹ್ವಾದ್ವು?”

“ಆ ಪುಣ್ಯಾತ್ಮ ನೀರಿನ ಬಕೀಟಿನ್ಯಾಗ ಹಾಕಿದ್ದ. ಯಾರೋ ಬಕೀಟು ಚೆಲ್ಲಿದ್ರು, ಮೋರಿ ಪಾಲಾದ್ವು. ಅಂಗಡ್ಯಾಗ ಅಂಥಾವು ಸಿಗಲಿಲ್ಲ. ಇದ್ದದ್ದ ತಂದ್ನಿ. ಸ್ಕ್ರೂ ಅಂದ್ರ ಸ್ಕ್ರೂ ಅಲ್ರಿ, ನಮಗೇನ ತಿಳೀತೈತಿ?”

“ದುಂಡೇಶ ಸ್ಟೀಲಿಂದಽ ಬೇಕಂತ ಹಟಾ ಹಿಡಿದಿದ್ದ. ಆಸಿಡ್ ನೀರಿಗೆ ಬ್ಯಾರೇದು ತಡ್ಯಾಂಗಿಲ್ಲಂತ. ಆವಾಗ ತಿಳದಿತ್ತಲ್ಲ?”

“ಆವಾಗ ಟೈಮ್ ಇತ್ರಿ.” ಅವನು ಮೊದಲ ಸಲ ನೇರ ನೋಡಿದ. “ಮೇಡಂ, ನಾ ಹಲ್ಕಾ ಸ್ಕ್ರೂ ತಂದದ್ದ ಖರೆ. ಆದ್ರ ಹಲಗಿ ಕೂಡಿಸಿದಂವ ನಾ ಅಲ್ಲ. ದುಂಡೇಶಗ ಫೋನ್ ಹಚ್ಚಿದ್ನಿ. ಬೀಳಗ್ಯಾಗ ಅದೇನಿ, ಶುಕ್ರವಾರ ಬರತೇನಿ ಅಂದ. ಮದವಿ ಗುರುವಾರಽ ಐತೆಲ್ಲೋ ಮಾರಾಯಾ ಅಂದ್ನಿ.”

“ಹಂಗಾರ ಅಂವ ಬರಲಿಲ್ಲ.”

“ಬಂದನಲ್ರಿ. ಬುಧವಾರ ಮುಂಜಾನಿ ನೋಡ್ತೇನಿ, ಹಲಗಿ ನೆಟ್ಟಗ ನಿಂತೈತಿ. ನನ್ನ ಮಗ ನಸುಕಿನ್ಯಾಗ ಬಂದ ಹಾಕಿ ಹ್ವಾದ ಅಂತ ಅವರವ್ವನಽ ಹೇಳಿದ್ಲು. ತಾಯವ್ವ. ನಮ್ಮಲ್ಲೆ ತೊಳಿಯೂದು ಬಳಿಯೂದು ಮಾಡತಾಳ.”

“ನೀನು ಕಣ್ಣಿಂದ ನೋಡಿದೇನು, ಅಂವ ಬಂದದ್ದು?”

“ತಾಯಿ ಹೇಳಿದಮ್ಯಾಲ ಸುಳ್ಳ ಅನ್ನಾಕ ಬರತೈತೇನ್ರಿ?”

ಹೊರಗೆ ಒಂದು ಟ್ರ್ಯಾಕ್ಟರು ಹಾದುಹೋಗಿ, ಗಾಜು ನಡುಗಿ ನಿಂತಿತು. ಶಂಕ್ರೆವ್ವ ಎದ್ದಳು.

“ಒಂದ ಮಾತ ಮೇಡಂ,” ಎಂದ ಮನೋಜ, ದನಿ ತಗ್ಗಿಸಿ. “ಭಕ್ತಿ ನಮ್ಮ ಕಾಕಾನ ಕಡೀಂದ ಸಂಬಂಧ. ಆಕಿಗೇನರೆ ಆತಂದ್ರ ನಾ ತೇರದಾಳಕ್ಕ ಮಾರಿ ತೋರಸಾಂಗಿಲ್ಲ. ಎರಡ ದಿನದಿಂದ ಕಣ್ಣ ಮುಚ್ಚಿಲ್ಲ. ನಾ ಕೆಟ್ಟಂವ ಅಲ್ರಿ.”

“ಕೆಟ್ಟಂವ ಅಂದಿಲ್ಲ. ಗಿಡ್ಡ ಸ್ಕ್ರೂ ತಂದಿ ಅಂದ್ನಿ.”

*

ರಬಕವಿಯ ಓಣಿ ಹೊಕ್ಕರೆ ಮಾತು ಕೇಳಿಸುವುದಿಲ್ಲ, ಮಗ್ಗ ಕೇಳಿಸುತ್ತದೆ. ಸಿದ್ದಾರೂಢ ಜೀಪನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಶಂಕ್ರೆವ್ವ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ನಡೆದಳು.

ತಾಯವ್ವ ಪಡಸಾಲೆಯಲ್ಲಿ ರಾಟಿ ಮುಂದೆ ಕೂತಿದ್ದಳು. ಬಲಗೈ ಗಾಲಿ ತಿರುವುತ್ತಿತ್ತು, ಎಡಗೈಯಲ್ಲಿ ನೂಲು ಜಾರುತ್ತಿತ್ತು, ಲಾಳಿಯೊಳಗಿಡುವ ಕಂಡಿಕೆ ತುಂಬುತ್ತಿತ್ತು. ಮದುವೆ ಇಲ್ಲದ ದಿನಗಳಲ್ಲಿ ಅದೇ ಅವಳ ಕೆಲಸ; ಹುಡುಗಿಯಾಗಿದ್ದಾಗಿನಿಂದಲೂ ಅದೇ.

“ಬಾ ಶಂಕ್ರಿ. ನನ್ನ ಮಗಾ ರೊಟ್ಟಿ ತಿಂದನೇನ?”

“ಅರ್ಧಾ ತಿಂದ.”

“ಪುಂಡಿಪಲ್ಯ ಒಯ್ಯಬೇಕಿತ್ತು. ಸಪ್ಪನ್ನ ಬ್ಯಾಳಿ ಅವಗ ಸೇರೂದಿಲ್ಲ.”

ಶಂಕ್ರೆವ್ವ ಚಾಪೆಯ ತುದಿಗೆ ಕೂತಳು. ಕಿಸೆಯಿಂದ ನೂಲಿಲ್ಲದ ಒಂದು ಸ್ಕ್ರೂ ತೆಗೆದು ಮುಂದೆ ಹಿಡಿದಳು.

“ಯಕ್ಕಾ, ಇದಕ್ಕ ಒಂದಿಷ್ಟ ನೂಲು ಸುತ್ತಿ ಕೊಡು.”

ರಾಟಿ ನಿಂತಿತು. ತಾಯವ್ವ ಸ್ಕ್ರೂ ನೋಡಿದಳು, ಆಮೇಲೆ ಅವಳನ್ನು. ಕೈಗೆ ತೆಗೆದುಕೊಂಡಳು. ನೂಲು ಹರಿದು, ಒದ್ದೆ ಮಾಡಿ, ಸುತ್ತಿದಳು. ಕಂಡಿಕೆಗೆ ಸುತ್ತಿದಂತೆಯೇ ಸುತ್ತಿದಳು. ಆ ಬೆರಳುಗಳಿಗೆ ಬೇರೆ ದಿಕ್ಕು ಗೊತ್ತೇ ಇರಲಿಲ್ಲ.

ಸ್ಕ್ರೂ ಮರಳಿ ಶಂಕ್ರೆವ್ವನ ಅಂಗೈಗೆ ಬಂತು. ನೂಲು ಉಲ್ಟಾ ಇತ್ತು.

“ಗೊತ್ತಾತಲ್ಲ?” ಎಂದಳು ತಾಯವ್ವ.

“ಯಾಕ ಮಾಡಿದಿ ಯಕ್ಕಾ?”

“ದುಂಡ್ಯಾ ಶುಕ್ರವಾರ ಬರತೇನಿ ಅಂದಿದ್ದ. ಆ ಮನೋಜ, ನಿನ್ನ ಮಗ ಬರಲಿಲ್ಲಂದ್ರ ಎಲ್ಲಾ ಮಂಗಲ ಕಾರ್ಯಾಲಯದಾಗೂ ಹೇಳತೇನಿ, ಅಂವ ಕೈಕೊಡೂ ಮನಶ್ಯಾ ಅಂತ, ಅಂದ. ಮಗ್ಗ ಬಿಟ್ಟ ಹುಡುಗ. ಇದೂ ಹ್ವಾದ್ರ ಏನ ಮಾಡತಾನ? ಅಂವ ಹಾಕೂದ ಎಷ್ಟ ಸಲ ನೋಡೇನಿ. ನೂಲು ಸುತ್ತತಿದ್ದ, ತಿರವತಿದ್ದ. ನಾನೂ ಸುತ್ತಿದ್ನಿ, ನಾನೂ ತಿರವಿದ್ನಿ.”

“ನಿಂತಿತ್ತು?”

“ನಿಂತಿತ್ತು. ಆದ್ರ ದೂಡಿದ್ರ ಅಲಗತಿತ್ತು.” ಅವಳ ದನಿ ಇಳಿಯಿತು. “ನನಗ ಧೈರ್ಯ ಆಗಲಿಲ್ಲ. ಹಂಗಂತ ಆ ಬಾಗಲಾ ಕಟ್ಟಿದ್ನಿ. ಹಿಡಿಕಿಗೂ ಬಾಜೂ ಕಂಬಕ್ಕೂ ಹುರಿ ಹಾಕಿ ಬಿಗದ ಗಂಟ ಹಾಕಿದ್ನಿ. ಯಾರೂ ಒಳಗ ಹೋಗಬಾರದು, ಶುಕ್ರವಾರ ಮಗಾ ಬಂದ ನೆಟ್ಟಗ ಮಾಡತಾನಂತ. ಗುರುವಾರ ಅಕ್ಕಿಕಾಳ ಬೀಳೂತನಾನೂ ಕಟ್ಟಿದ್ದು ಹಂಗಽ ಇತ್ತು. ಆಮ್ಯಾಲ ಎಂಜಲ ಎಲಿ ತಗ್ಯಾಕ ಕರದ್ರು, ಹ್ವಾದ್ನಿ. ಬರೂದ್ರಾಗ ಹುಡಿಗಿ ಬಿದ್ದಿತ್ತು, ಹುರಿ ಇರಲಿಲ್ಲ.”

“ಇದನ್ನ ಯಾರಿಗರೆ ಹೇಳಿದೇನು?”

“ದುಂಡ್ಯಾಗ ಹೇಳಿದ್ನಿ. ಅಂವ ಸುಮ್ಮನ ಎದ್ದು ನಿಮ್ಮ ಠಾಣೇಕ ಬಂದ.” ತಾಯವ್ವ ರಾಟಿಯ ಮೇಲಿನ ಕಂಡಿಕೆ ಕಳಚಿ ಬುಟ್ಟಿಗೆ ಹಾಕಿದಳು. “ಹುರಿ ಕಟ್ಟಿದ್ನಿ ಅಂದ್ರ ಯಾರ ನಂಬತಾರ? ಹುರೀನಽ ಇಲ್ಲ. ನನ್ನ ಹೆಸರ ಬರಕೋ ಶಂಕ್ರಿ, ಅವನ್ನ ಬಿಡು. ನಿನ್ನ ಮಗಳಿಗೆ ಹಾಲ ಕುಡಿಸಿದ್ದಕ್ಕ ಒಂದ ದಿನಾ ಏನೂ ಕೇಳಿಲ್ಲ. ಇವತ್ತ ಕೇಳತೇನಿ. ಇಷ್ಟ ಮಾಡಿದಿ ಅಂದ್ರ ನಿನ್ನ ಋಣ ಮುಟ್ಟಿತು.”

ಅವಳು ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೋದಳು, ಚಪ್ಪಲಿ ಹುಡುಕುತ್ತ.

“ಎಂಥಾ ಹುರಿ ಯಕ್ಕಾ?”

“ಮಗ್ಗದ್ದಽ. ಬಿಳಿ ನೂಲಿಂದು, ನಾನಽ ಹೊಸದದ್ದು.”

“ಎಂಥಾ ಗಂಟು?”

“ನಮಗ ಬರೂದು ಒಂದಽ ಗಂಟಲ್ಲ? ಹರದ ಎಳಿ ಕೂಡಸೂ ಗಂಟು. ಕಾಳಿನಷ್ಟ ಇರತೈತಿ, ಬಿಚ್ಚಾಕ ಬರೂದಿಲ್ಲ. ಬೇಕಂದ್ರ ಕತ್ತರಸಬೇಕು.”

ಶಂಕ್ರೆವ್ವ ತೊಡೆಯ ಮೇಲಿದ್ದ ಅರಿವೆಯ ಗಂಟನ್ನು ನೋಡಿದಳು. ಬೆಳಗಿನಿಂದ ಕೈಯಲ್ಲಿ ಹಿಡಿದು ತಿರುಗಿದ್ದು. ಸುತ್ತಿದ ಬಿಳಿ ಹುರಿ. ಅದರ ನಡುವೆ ಕಾಳಿನಷ್ಟು ಗಂಟು. ಎರಡೂ ತುದಿ ಹಿಂಜಿರಲಿಲ್ಲ. ಬ್ಲೇಡಿನಿಂದ ಕುಯ್ದ ಹಾಗೆ ನುಣುಪಾಗಿದ್ದವು.

ಅವಳು ಅಂಗಳಕ್ಕೆ ಬಂದು ಕೈ ಬೀಸಿದಳು. ಜೀಪಿನಲ್ಲಿ ಶೇಂಗಾ ತಿನ್ನುತ್ತಿದ್ದ ಸಿದ್ದಾರೂಢ ಸಿಪ್ಪೆ ಝಾಡಿಸಿಕೊಂಡು ಓಡಿ ಬಂದ.

“ಈ ಗಂಟು ಕಟ್ಟಿದ ಹುರಿ ಎಲ್ಲಿಂದ ತಂದಿ?”

“ಯಾಕ್ರಿ ಮೇಡಂ?”

“ಕೇಳಿದ್ದಕ್ಕ ಹೇಳು. ಅಲ್ಲೇ ನೆಲದ ಮ್ಯಾಲ ಬಿದ್ದಿತ್ತೇನು? ಮನೋಜ ಕೊಟ್ಟನೇನು?”

“ಇಲ್ರಿ. ಕಟ್ಟಾಕ ಏನೂ ಸಿಗವಲ್ದಾಗಿತ್ತು. ವೀರೇಶ ಸಾಹೇಬ್ರು, ತಗೋ ಇದರ್ಲೆ ಕಟ್ಟು ಅಂತ ತಮ್ಮ ಕಿಸೆದಾಗಿಂದ ತಗದ ಕೊಟ್ರು.”

ತಾಯವ್ವ ಬಾಗಿಲಿಗೆ ಬಿಗಿದ ಹುರಿ, ಕುಯ್ದ ಮೇಲೆ, ಸಾಹೇಬರ ಕಿಸೆ ಸೇರಿತ್ತು. ಓಣಿಯ ಮಗ್ಗಗಳು ಬಡಿಯುತ್ತಲೇ ಇದ್ದವು. ಅವಳ ಕೈಯಲ್ಲಿ ಫೋನು ಬಡಿಯತೊಡಗಿತು. ಪರದೆಯ ಮೇಲೆ ಇನ್ಸ್‌ಪೆಕ್ಟರ್ ವೀರೇಶರ ಹೆಸರು.

ತಾಯವ್ವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಗೋಡೆ ಹಿಡಿದು ನಿಂತಿದ್ದಳು. “ನಡಿ ಶಂಕ್ರಿ. ತಡಾ ಮಾಡಬ್ಯಾಡ.”

“ಚಪ್ಪಲ ಬಿಡು. ಇವತ್ತ ನೀ ಎಲ್ಲೂ ಬರೂದಿಲ್ಲ. ಈ ಮಾತು ಬ್ಯಾರೆ ಯಾರ ಮುಂದೂ ಆಡೂದಿಲ್ಲ.”

“ಹಂಗಾರ ನನ್ನ ಮಗಾ? ಸಂಜೀಕ ಕೋರ್ಟಿಗೆ ಒಯ್ಯತಾರಂತಲ್ಲ?”

ಶಂಕ್ರೆವ್ವ ಅರಿವೆಯ ಗಂಟನ್ನು ಖಾಕಿ ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡಳು.

“ಮತ್ತ ನನ್ನ ಋಣ?” ಎಂದಳು ತಾಯವ್ವ.

“ಇರಲಿ ಯಕ್ಕಾ. ಇನ್ನೂ ಸ್ವಲ್ಪ ದಿನಾ ನನ್ನ ಮ್ಯಾಲಽ ಇರಲಿ.”

ಫೋನು ನಿಂತಿತು. ಅವಳು ಜೀಪು ಹತ್ತುವಷ್ಟರಲ್ಲಿ ಮತ್ತೆ ಬಡಿಯತೊಡಗಿತು.